ನಡಾವಳಿ ಪುಸ್ತಕದಲ್ಲಿ ಜೇನು

ಜೇನು ಸಾಕುವವರ ಸಂಘವೆಂದರೆ ಜೇನುನೊಣಗಳ ಯೋಗಕ್ಷೇಮ ನೋಡಿಕೊಳ್ಳುವ ಸಂಸ್ಥೆ ಎಂದು ಹೊರಗಿನವರು ಭಾವಿಸಿರುತ್ತಾರೆ. ಸುಳ್ಯದ ಕಡೆಯ ನಮ್ಮ ಗ್ರಾಮದಲ್ಲಿರುವ ಅಂಥದೊಂದು ಪುಟ್ಟ ಸಂಘಕ್ಕೆ ನಾನು ಕಾರ್ಯದರ್ಶಿ. ಅದರ ನಡಾವಳಿ ಪುಸ್ತಕ ಬರೆಯುವ ಭಾಗ್ಯವೂ ನನ್ನದೇ ಆಗಿರುವುದರಿಂದ ಧೈರ್ಯವಾಗಿ ಹೇಳಬಲ್ಲೆ, ಆ ಪುಸ್ತಕದಲ್ಲಿ ಜೇನಿನ ಮೇಲಿನ ದೂರುಗಳು ಅಪರೂಪ. ಸದಸ್ಯರ ಮೇಲೆ, ಸದಸ್ಯರ ಮನೆಯವರ ಮೇಲೆ, ಸದಸ್ಯರ ನೆರೆಹೊರೆಯವರ ಮೇಲೆ ಬಂದ ದೂರುಗಳಿಂದಲೇ ಪುಟಗಳು ತುಂಬಿವೆ. ನಿವೃತ್ತ ಮಾಸ್ತರರೊಬ್ಬರು ಅಧ್ಯಕ್ಷರು. ಒಂದು ರೂಪಾಯಿಗೂ ರಶೀದಿ ಕೇಳುವ ಮಹನೀಯರೊಬ್ಬರು ಖಜಾಂಚಿ. ಉಳಿದವರಲ್ಲಿ ಅಡಿಕೆ ಮತ್ತು ರಬ್ಬರು ಬೆಳೆಯುವವರು, ಒಬ್ಬ ರಿಕ್ಷಾ ಚಾಲಕ, ಒಬ್ಬ ಟೈಲರ್ ಅಕ್ಕ ಇದ್ದಾರೆ. ಯಾರಿಗೂ ಜೇನೇ ಜೀವನೋಪಾಯವಲ್ಲ. ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ದೊಡ್ಡ ಸಹಕಾರ ಸಂಘವಿದೆ. ವಿರಾಜಪೇಟೆಯಲ್ಲಿ 1936ರಲ್ಲಿಯೇ ಆರಂಭವಾದ ಕೊಡಗಿನ ಜೇನು ಮತ್ತು ಮೇಣ ಉತ್ಪಾದಕರ ಸಂಘವಿದೆ. ಅವರ ಎದುರು ನಮ್ಮದು ಚಹಾ ಕುಡಿಯುವ ಕೂಟವೆಂದರೂ ತಪ್ಪಾಗದು. ಆದರೆ ಮೊಹರು ಮಾತ್ರ ಇದೆ, ಮತ್ತು ಅದು ಅಧ್ಯಕ್ಷರ ಜುಬ್ಬದ ಜೇಬಿನಲ್ಲಿಯೇ ಇರುತ್ತದೆ.

ಸಂಘಕ್ಕೆ ಹೆಸರು ಬಂದದ್ದೇ ತಡ, ಊರಿನಲ್ಲಿ ರೆಕ್ಕೆಯಿರುವ ಎಲ್ಲ ಜೀವಿಗಳೂ ನಮ್ಮ ಆಸ್ತಿಯಾಗಿಬಿಟ್ಟವು. ನಾವು ಸಾಕುವುದು ತುಡುವೆ ಜೇನು. ಮರದ ಪೊಟರೆ, ಹುತ್ತಗಳಂಥ ಕತ್ತಲೆಯ ಜಾಗದಲ್ಲಿ ಸಾಲು ಸಾಲಾಗಿ ಮೇಣದ ಎರಿ ಕಟ್ಟುವ ಜಾತಿಯಾದ್ದರಿಂದ ಅದು ಪೆಟ್ಟಿಗೆಗೂ ಒಗ್ಗುತ್ತದೆ. ಎತ್ತರದ ಮರಕ್ಕೋ ಕಟ್ಟಡಕ್ಕೋ ಒಂದೇ ದೊಡ್ಡ ಎರಿಯನ್ನು ಬಯಲಿನಲ್ಲಿ ತೂಗುಹಾಕುವ ಹೆಜ್ಜೇನನ್ನು ಪೆಟ್ಟಿಗೆಗೆ ಹಾಕಿ ಸಾಕಲು ಬರುವುದಿಲ್ಲ. ಇದನ್ನು ನಾನು ಎಷ್ಟು ಬಾರಿ ವಿವರಿಸಿದರೂ ಫೋನು ಬರುವುದು ಹೀಗೆಯೇ: “ನಿಮ್ಮ ಜೇನು ನಮ್ಮ ನೀರಿನ ಟ್ಯಾಂಕಿಗೆ ಬಂದು ಕೂತಿದೆ ಮಾರಾಯ್ರೇ, ಸಂಜೆಯೊಳಗೆ ಕರ್ಕೊಂಡು ಹೋಗಿ.” ಒಮ್ಮೆ ನಿಜವಾಗಿಯೂ ತುಡುವೆಯೇ ಒಬ್ಬರ ಮನೆಯ ವಿದ್ಯುತ್ ಮೀಟರಿನ ಪೆಟ್ಟಿಗೆಯೊಳಗೆ ಸಂಸಾರ ಹೂಡಿತು. ನಾವು ಸಲಕರಣೆಗಳೊಂದಿಗೆ ಹೋದಾಗ ಮನೆಯ ಯಜಮಾನರು ಬಾಗಿಲಲ್ಲಿಯೇ ತಡೆದು, ಮೀಟರ್ ನೋಡುವವನು ಹತ್ತಿರ ಬಾರದೆ ಹಿಂದಿನ ತಿಂಗಳ ಲೆಕ್ಕವನ್ನೇ ಬರೆದುಕೊಟ್ಟು ಹೋಗಿರುವುದರಿಂದ ಜೇನನ್ನು ಬೇಸಿಗೆ ಕಳೆಯುವವರೆಗೆ ಅಲ್ಲಿಯೇ ಬಿಡಬಹುದೇ ಎಂದು ಬಹಳ ವಿನಯದಿಂದ ವಿಚಾರಿಸಿದರು.

ಸದಸ್ಯರ ಜ್ಞಾನವೃದ್ಧಿಗಾಗಿ ಏರ್ಪಡಿಸಿದ ತರಬೇತಿಯ ವಿಚಾರವನ್ನು ನಡಾವಳಿಯಲ್ಲಿ ನಾನು ಎರಡೇ ಸಾಲಿನಲ್ಲಿ ಮುಗಿಸಿದ್ದೇನೆ; ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಹುದು. ದೂರದಿಂದ ಬಂದ ಸಂಪನ್ಮೂಲ ವ್ಯಕ್ತಿಗೆ ಬರಿಯ ಕಾಫಿ ಕೊಟ್ಟು ಕೂರಿಸುವುದು ನಮ್ಮ ಕಡೆಯ ಮರ್ಯಾದೆಯಲ್ಲ. ಆದ್ದರಿಂದ ಟೈಲರ್ ಅಕ್ಕ ಚೆನ್ನಾಗಿ ಕಳಿತ ಬಾಳೆಹಣ್ಣು ಹಾಕಿ ಬನ್ಸ್ ಮಾಡಿ ತಂದಿದ್ದರು. ಅದು ಸಾಲದೆಂದು ಅಧ್ಯಕ್ಷರು ತಮ್ಮ ತೋಟದ ಕದಳಿ ಗೊನೆಯನ್ನೂ ತಂದು ಚಪ್ಪರದ ಕಂಬಕ್ಕೆ ಕಟ್ಟಿದ್ದರು. ಎಲ್ಲರೂ ತೃಪ್ತಿಯಾಗಿ ತಿಂದು, ಅದೇ ಕೈಯಲ್ಲಿ ಪೆಟ್ಟಿಗೆಯ ಸುತ್ತ ನೆರೆದರು. ಎರಿ ಕಟ್ಟಿದ್ದ ಮೊದಲ ಚೌಕಟ್ಟು ಮೇಲೆ ಬರುವಾಗ ಒಬ್ಬರಿಗೆ ಕುಟುಕಿತು, ಮರುಕ್ಷಣವೇ ಇನ್ನೊಬ್ಬರಿಗೆ, ಆಮೇಲೆ ಯಾರಿಗೆ ಯಾವ ಕ್ರಮದಲ್ಲಿ ಎಂಬುದು ದಾಖಲಾಗಿಲ್ಲ. ನೊಣಗಳನ್ನು ಶಾಂತಗೊಳಿಸಲು ಹೊಗೆ ಬಿಡುವ ಹೊಗೆತಿದಿಯಲ್ಲಿ ತುಂಬಿದ್ದ ತೆಂಗಿನ ನಾರು ಸಮಯಕ್ಕೆ ಸರಿಯಾಗಿ ಆರಿಹೋಗಿತ್ತು. ಕೆಲಸಗಾರ ನೊಣ ಚುಚ್ಚಿದಾಗ ಕೊಂಡಿಯ ಬಳಿಯಿಂದ ಹೊರಡುವ ವಾಸನೆಯು ಉಳಿದ ನೊಣಗಳಿಗೆ ‘ಇಲ್ಲಿಗೇ ಬನ್ನಿ’ ಎಂಬ ಕರೆಯಾಗುತ್ತದೆಂದೂ, ಅದರಲ್ಲಿರುವ ಐಸೋಪೆಂಟೈಲ್ ಅಸಿಟೇಟ್ ಎಂಬ ರಾಸಾಯನಿಕವೇ ಕಳಿತ ಬಾಳೆಹಣ್ಣಿನ ಪರಿಮಳಕ್ಕೂ ಮುಖ್ಯ ಕಾರಣವೆಂದೂ, ಆದ್ದರಿಂದ ಬಾಳೆಹಣ್ಣು ತಿಂದು ಪೆಟ್ಟಿಗೆಯ ಬಳಿ ಹೋಗಬಾರದೆಂದೂ ಸಂಪನ್ಮೂಲ ವ್ಯಕ್ತಿಗಳು ಬಹಳ ಸ್ಪಷ್ಟವಾಗಿ ವಿವರಿಸಿದರು. ವಿವರಿಸುವಾಗ ಅವರು ತಮ್ಮ ಕಾರಿನೊಳಗೆ ಗಾಜು ಏರಿಸಿಕೊಂಡು ಕುಳಿತಿದ್ದರಿಂದ ಕೊನೆಯ ಕೆಲವು ಮಾತುಗಳು ನಮಗೆ ಕೇಳಿಸಲಿಲ್ಲ. ಪೆಟ್ಟಿಗೆ ತೆರೆಯುವ ದಿನಗಳಲ್ಲಿ ಉಪಾಹಾರಕ್ಕೆ ಅವಲಕ್ಕಿ ಮಾತ್ರ ಎಂಬ ನಿರ್ಣಯವನ್ನು ಮುಂದಿನ ಸಭೆಯಲ್ಲಿ ಅಂಗೀಕರಿಸಲಾಯಿತು. ಬನ್ಸ್ ಪಕ್ಷದವರು ಲಿಖಿತ ವಿರೋಧ ದಾಖಲಿಸಿದ್ದಾರೆ.

ಸಂಘದ ಆಸ್ತಿಯೆಂದರೆ ನಾಲ್ಕು ಚೌಕಟ್ಟು ಹಿಡಿಯುವ, ಕೈಯಿಂದ ತಿರುಗಿಸುವ ಒಂದು ಜೇನು ತೆಗೆಯುವ ಯಂತ್ರ. ಎರಿಯ ಮೇಲಿನ ಮೇಣದ ಮುಚ್ಚಳವನ್ನು ಸವರಿ ತೆಗೆದು, ಚೌಕಟ್ಟನ್ನು ಇದರೊಳಗೆ ನಿಲ್ಲಿಸಿ ಗಿರಗಿರನೆ ತಿರುಗಿಸಿದರೆ ಎರಿ ಮುರಿಯದೆ ಜೇನು ಮಾತ್ರ ಹೊರಕ್ಕೆ ಸಿಡಿಯುತ್ತದೆ; ಖಾಲಿಯಾದ ಎರಿಯನ್ನು ನೊಣಗಳಿಗೆ ಹಿಂದಕ್ಕೆ ಕೊಟ್ಟರೆ ಹೊಸದಾಗಿ ಕಟ್ಟುವ ಶ್ರಮ ಅವಕ್ಕೆ ತಪ್ಪುತ್ತದೆ. ರಬ್ಬರು ಮರಗಳು ಎಲೆ ಉದುರಿಸಿ ಚಿಗುರುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಆ ಚಿಗುರೆಲೆಗಳ ತೊಟ್ಟಿನ ಬಳಿ ಒಸರುವ ಮಕರಂದಕ್ಕೆ ನೊಣಗಳು ಮುಗಿಬೀಳುವುದರಿಂದ ಎಲ್ಲರ ಪೆಟ್ಟಿಗೆಗಳೂ ಒಂದೇ ವಾರದಲ್ಲಿ ತುಂಬುತ್ತವೆ, ಎಲ್ಲರಿಗೂ ಯಂತ್ರ ಅದೇ ವಾರ ಬೇಕಾಗುತ್ತದೆ. ಆ ವಾರ ನನ್ನ ಫೋನಿಗೆ ಬರುವ ಕರೆಗಳಲ್ಲಿ ಕುಶಲ ಪ್ರಶ್ನೆಗೆ ಸ್ಥಾನವಿರುವುದಿಲ್ಲ. ಉಳಿದ ತಿಂಗಳುಗಳಲ್ಲಿ ಯಂತ್ರ ಯಾರ ಮನೆಯಲ್ಲಿದೆ ಎಂದು ಯಾರಿಗೂ ಬೇಕಾಗಿರುವುದಿಲ್ಲ, ಒಂದು ಆಟಿ ತಿಂಗಳಲ್ಲಿ ಅದು ಎಲ್ಲಿತ್ತೆಂದು ಬೆಳಕಿಗೆ ಬರುವವರೆಗೆ. ಬಿಡದೆ ಸುರಿಯುವ ಮಳೆಯಲ್ಲಿ ಮಕ್ಕಳ ಸಮವಸ್ತ್ರ ಒಣಗಿಸುವ ದಾರಿ ಕಾಣದೆ ಸದಸ್ಯರೊಬ್ಬರ ಮನೆಯ ಹೆಂಗಸರು ಯಂತ್ರದ ತತ್ತ್ವವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡು, ಹಿಂಡಿದ ಅಂಗಿ ಚಡ್ಡಿಗಳನ್ನು ಅದರ ಬುಟ್ಟಿಗೆ ತುಂಬಿ ತಿರುಗಿಸಿ, ಉಳಿದ ನೀರನ್ನು ಕೊಳಾಯಿಯಿಂದ ಇಳಿಸುತ್ತಿದ್ದರಂತೆ. ತಳದಲ್ಲಿ ಉಳಿದಿದ್ದ ಹಳೆಯ ಜೇನಿನ ಅಂಟು ಬಟ್ಟೆಗೆ ಹತ್ತಿ, ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಹುಡುಗನಿಗೆ ಇರುವೆ ಮುತ್ತದೆ ಹೋಗಿದ್ದರೆ ವಿಷಯ ನಮಗೆ ತಿಳಿಯುತ್ತಲೇ ಇರಲಿಲ್ಲ. ಖಜಾಂಚಿಗಳು ದಂಡ ಹಾಕಬೇಕೆಂದು ಪಟ್ಟು ಹಿಡಿದರು. ನಿಯಮಾವಳಿಯಲ್ಲಿ ಯಂತ್ರವನ್ನು ‘ಸ್ವಚ್ಛವಾಗಿ ಹಿಂತಿರುಗಿಸತಕ್ಕದ್ದು’ ಎಂದಷ್ಟೇ ಇದೆ, ಸಾಬೂನಿನಿಂದ ಇಷ್ಟು ಸ್ವಚ್ಛವಾಗಿ ಅದು ಹಿಂದೆಂದೂ ಬಂದಿರಲಿಲ್ಲ ಎಂದು ಟೈಲರ್ ಅಕ್ಕ ವಾದಿಸಿದಾಗ ಸಭೆ ನಿರುತ್ತರವಾಯಿತು.

ಇರುವೆಯ ಕಾಟ ಯಂತ್ರಕ್ಕಿಂತ ಪೆಟ್ಟಿಗೆಗೆ ಹೆಚ್ಚು. ಅದಕ್ಕಾಗಿ ಪೆಟ್ಟಿಗೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವುದು ಪದ್ಧತಿ. ಡೆಂಗ್ಯೂ ವಿರುದ್ಧದ ಅಭಿಯಾನಕ್ಕೆ ಮನೆಮನೆಗೆ ಬಂದ ಕಾರ್ಯಕರ್ತೆಯರು ನಿಂತ ನೀರನ್ನು ಕಂಡರೆ ಬಿಡುವವರಲ್ಲ; ಅವರ ಕರ್ತವ್ಯನಿಷ್ಠೆಯಿಂದ ನಮ್ಮ ರಿಕ್ಷಾ ಚಾಲಕರ ಮನೆಯ ಬಟ್ಟಲುಗಳೆಲ್ಲ ಮಗುಚಿದವು, ರಾತ್ರಿಯೊಳಗೆ ಇರುವೆಗಳು ಹತ್ತಿದವು, ಬೆಳಗಾಗುವಾಗ ಜೇನು ಪೆಟ್ಟಿಗೆ ಬಿಟ್ಟು ಹೊರಟಿತ್ತು. ತುಡುವೆಯ ಸ್ವಭಾವವೇ ಅಂಥದು. ಇರುವೆಯೋ ಮೇಣದ ಪತಂಗವೋ ಬಿಸಿಲೋ ಹಸಿವೋ, ಮನಸ್ಸಿಗೆ ಬಾರದ ಒಂದು ಕಾರಣ ಸಾಕು, ರಾಜೀನಾಮೆ ಪತ್ರವನ್ನೂ ಕೊಡದೆ ಇಡೀ ಕುಟುಂಬ ಎದ್ದುಹೋಗುತ್ತದೆ. ಈಗ ಬಟ್ಟಲುಗಳಿಗೆ ರಿಕ್ಷಾದ ಹಳೆಯ ಎಂಜಿನ್ ಆಯಿಲ್ ಸುರಿಯುತ್ತೇವೆ. ಸೊಳ್ಳೆಗೂ ಇರುವೆಗೂ ಕಾರ್ಯಕರ್ತೆಯರಿಗೂ ಒಪ್ಪಿಗೆಯಾಗದ ದ್ರವವೆಂದರೆ ಅದೊಂದೇ.

ಸಂಘದ ನ್ಯಾಯಾಂಗ ವಿಭಾಗಕ್ಕೆ ಬಂದ ದೊಡ್ಡ ವ್ಯಾಜ್ಯವೆಂದರೆ ಪಾಲಾದ ಹಿಂಡಿನದು. ಕುಟುಂಬ ಬೆಳೆದು ಪಾಲಾಗುವಾಗ ಹಳೆಯ ರಾಣಿಯೇ ಅರ್ಧ ಬಳಗದೊಂದಿಗೆ ಮನೆ ಬಿಡುತ್ತಾಳೆ, ಹೊಸ ರಾಣಿಗೆ ಹಳೆಯ ಮನೆ ಉಳಿಯುತ್ತದೆ. ಮನುಷ್ಯರ ಅತ್ತೆಯರು ಇನ್ನೂ ಅಷ್ಟು ಮುಂದುವರಿದಿಲ್ಲ. ಹೀಗೆ ಹೊರಟ ಹಿಂಡನ್ನು ಸೆಳೆಯಲು ಒಳಗೆ ಮೇಣ ಸವರಿದ ಮಡಕೆಗಳನ್ನು ಮರಕ್ಕೆ ಕಟ್ಟುವ ಕ್ರಮ ನಮ್ಮಲ್ಲಿ ಹಿಂದಿನಿಂದಲೂ ಇದೆ. ಒಬ್ಬರ ಪೆಟ್ಟಿಗೆಯಿಂದ ಹೊರಟ ಹಿಂಡು ಪಕ್ಕದ ತೋಟದವರ ಮಡಕೆಗೆ ಹೋಗಿ ಸೇರಿದೆ ಎಂಬ ಆರೋಪವೆದ್ದಾಗ, ಪುಣ್ಯಕ್ಕೆ ನಾವು ಅದೇ ವರ್ಷ ರಾಣಿಗಳಿಗೆ ಗುರುತು ಹಾಕಿದ್ದೆವು. ರಾಣಿ ಹುಟ್ಟಿದ ವರ್ಷ ತಿಳಿಯಲು ಬೆನ್ನಿಗೆ ಬಣ್ಣದ ಚುಕ್ಕೆಯಿಡುವ ಪದ್ಧತಿ ಜಗತ್ತಿನ ಅನೇಕ ಕಡೆ ಇದೆ. 3 ಅಥವಾ 8ರಿಂದ ಕೊನೆಯಾಗುವ ವರ್ಷಕ್ಕೆ ಕೆಂಪು. ಆಗ 2023. ಅದಕ್ಕಾಗಿ ತಯಾರಿಸಿದ ಬಣ್ಣ ನಮ್ಮೂರಿನಲ್ಲಿ ಎಲ್ಲಿ ಸಿಗಬೇಕು? ಮನೆಯಲ್ಲಿದ್ದ ಉಗುರು ಬಣ್ಣವನ್ನೇ ಹಚ್ಚಿದ್ದೆವು. ಮಡಕೆಯೊಳಗಿನ ರಾಣಿಯನ್ನು ಎಲ್ಲರ ಸಮಕ್ಷಮದಲ್ಲಿ ಪರಿಶೀಲಿಸಿದಾಗ ಬೆನ್ನ ಮೇಲೆ ಕೆಂಪು ಚುಕ್ಕೆ ಸ್ಪಷ್ಟವಾಗಿ ಕಂಡಿತು. ವಾದಿ ಗೆದ್ದೆನೆಂದು ಎದ್ದು ನಿಂತರು. ಆದರೆ ಪ್ರತಿವಾದಿಯ ಮನೆಯಿಂದಲೂ ಒಂದು ಹಿಂಡು ಆ ವಾರವೇ ಪಾಲಾಗಿತ್ತು, ಎರಡೂ ಮನೆಯ ಹೆಂಗಸರು ಜಾತ್ರೆಯ ಒಂದೇ ಬಳೆಯಂಗಡಿಯಲ್ಲಿ ಒಂದೇ ಬಣ್ಣದ ಸೀಸೆ ಕೊಂಡಿದ್ದರು. ಹಿಂಡು ತಾನಾಗಿ ಹೋದಲ್ಲಿಯೇ ಇರಲಿ, ಬಂದ ಜೇನಿನಲ್ಲಿ ಸಮಪಾಲು ಎಂದು ಅಧ್ಯಕ್ಷರು ತೀರ್ಪಿತ್ತರು. ಅಂದಿನಿಂದ ಅವರಿಬ್ಬರೂ ತಪ್ಪದೆ ಆ ಮಡಕೆಯ ಬಳಿಗೆ ಹೋಗುತ್ತಾರೆ: ಒಬ್ಬರು ಜೇನನ್ನು ನೋಡಲು, ಇನ್ನೊಬ್ಬರು ಅವರನ್ನು ನೋಡಲು.

ಇಷ್ಟು ಕಿರಿಕಿರಿಯಿದ್ದರೂ ಸಂಘವನ್ನು ಮುಚ್ಚುವ ಮಾತನ್ನು ಹಿರಿಯ ಸದಸ್ಯರು ಕೇಳಿಸಿಕೊಳ್ಳುವುದೂ ಇಲ್ಲ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಮರಿಗಳು ನೀರು ತುಂಬಿದ ಚೀಲಗಳಾಗಿ ಕೋಶದಲ್ಲಿಯೇ ಸತ್ತಾಗ, ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದುಹೋದವು. ಆಗ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದವರು ನಮ್ಮಲ್ಲಿ ಇದ್ದಾರೆ. ಕಾಡಿನಲ್ಲಿ ಬದುಕುಳಿದ ಕುಟುಂಬವೊಂದನ್ನು ಯಾರೋ ಹುಡುಕಿ ತಂದು, ಅದನ್ನು ಪಾಲು ಮಾಡಿ ಇನ್ನೊಬ್ಬರಿಗೆ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟು ಬೆಳೆದದ್ದು ಈ ಬಳಗ. ಹೊಸ ಸದಸ್ಯರಿಗೆ ಮೊದಲ ಕುಟುಂಬ ಉಚಿತವಾಗಿ ಕೊಡುವ ರೂಢಿ ಆಗಿನಿಂದ ಬಂದದ್ದು. ಖಜಾಂಚಿಗಳೂ ಇದಕ್ಕೆ ಮಾತ್ರ ರಶೀದಿ ಕೇಳುವುದಿಲ್ಲ.

ಗ್ರಾಹಕರ ವಿಷಯ ಹೆಚ್ಚು ಹೇಳುವಂತಿಲ್ಲ. ರಬ್ಬರಿನ ಜೇನು ಬೇಗ ಹರಳುಗಟ್ಟುವುದು ಅದರ ಗುಣ, ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ ಎಂದು ಚೀಟಿ ಅಂಟಿಸಿ ಕೊಟ್ಟರೂ ‘ಸಕ್ಕರೆ ಬೆರೆಸಿದ್ದೀರಿ’ ಎಂಬ ಸಂದೇಶ ಬಂದೇ ಬರುತ್ತದೆ. ಸಂದೇಶ ಕಳಿಸುವವರಲ್ಲಿ ನನ್ನ ಸ್ವಂತ ಭಾವನೂ ಒಬ್ಬರು.

ಕಳೆದ ಮೇ 20ರಂದು ವಿಶ್ವ ಜೇನು ದಿನವನ್ನು ಆಚರಿಸಿದೆವು. ಹದಿನೆಂಟನೆಯ ಶತಮಾನದ ಸ್ಲೊವೇನಿಯಾದ ಜೇನು ಸಾಕಣೆಗಾರ ಆಂಟನ್ ಯಾನ್ಶಾ ಅವರ ನೆನಪಿಗೆ ವಿಶ್ವಸಂಸ್ಥೆ 2017ರಲ್ಲಿ ಈ ದಿನವನ್ನು ಘೋಷಿಸಿತೆಂದು ಅಧ್ಯಕ್ಷರು ಭಾಷಣ ಸಿದ್ಧಪಡಿಸಿಕೊಂಡಿದ್ದರು. ಪ್ರಾತ್ಯಕ್ಷಿಕೆಗೆಂದು ಒಂದು ಒಳ್ಳೆಯ ಕುಟುಂಬವನ್ನು ಹಿಂದಿನ ರಾತ್ರಿ ಬಾಗಿಲು ಮುಚ್ಚಿ ರಿಕ್ಷಾದಲ್ಲಿ ತಂದು ಶಾಲೆಯ ಮಾವಿನ ಮರದಡಿ ಇಟ್ಟು, ನಸುಕಿನಲ್ಲಿ ಬಾಗಿಲು ತೆರೆದಿದ್ದಾಯಿತು. ಅತಿಥಿಗಳಿಗೆ ಶಾಲು ಹೊದೆಸಿ, ಮುಖಪರದೆ ತೊಡಿಸಿ, ಮುಚ್ಚಳ ಎತ್ತಿದರೆ ಒಳಗೆ ಎರಿಗಳಿವೆ, ಒಂದು ನೊಣವಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು “ಜೇನು ಎಲ್ಲಿ ಅಜ್ಜ?” ಎಂದಳು. “ಎಲ್ಲ ಕೆಲಸಕ್ಕೆ ಹೋಗಿವೆ ಮಗಾ,” ಎಂದು ಅಧ್ಯಕ್ಷರು ಹೇಳಿ, ಖಾಲಿ ಎರಿಯನ್ನು ತೋರಿಸಿಕೊಂಡೇ ಪಾಠ ಮುಗಿಸಿದರು. ನಡಾವಳಿಯಲ್ಲಿ ‘ಪ್ರಾತ್ಯಕ್ಷಿಕೆ ಯಶಸ್ವಿಯಾಗಿ ನಡೆಯಿತು’ ಎಂದು ಬರೆದಿದ್ದೇನೆ. ಖರ್ಚಿನ ಪಟ್ಟಿಯಲ್ಲಿ ಜೇನು ತಂದ ರಿಕ್ಷಾ ಬಾಡಿಗೆ ಮಂಜೂರಾಗಿದೆ. ಮರಳಿ ಒಯ್ಯುವಾಗ ಪೆಟ್ಟಿಗೆ ಖಾಲಿಯಿದ್ದುದರಿಂದ ಅದನ್ನು ಸೀಟಿನ ಹಿಂದೆ ಇಟ್ಟುಕೊಂಡು ಬೇರೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳಬಹುದಿತ್ತಲ್ಲವೇ ಎಂಬ ಖಜಾಂಚಿಗಳ ಪ್ರಶ್ನೆಗೆ ಚಾಲಕರು ಇನ್ನೂ ಉತ್ತರ ಕೊಟ್ಟಿಲ್ಲ.