ಕಲ್ಲು ಸಿಕ್ಕಲ್ಲಿ ಸ್ಟಾಪು

ಬೈಕ್ ಷೋರೂಮಿನ ಹುಡುಗ ಬಜೆಟ್ ಕೇಳಿದ, ಇಎಂಐ ಬೇಕಾ ಕೇಳಿದ, ಯಾವ ಬಣ್ಣ ಕೇಳಿದ. ನನ್ನ ಎತ್ತರ ಮಾತ್ರ ಕೇಳಲಿಲ್ಲ. ಮರ್ಯಾದೆಗೆ ಬಿಟ್ಟಿರಬೇಕು. "ಕೂತ್ಕೊಂಡು ನೋಡಿ ಸರ್" ಎಂದು ಒಂದು ಅಡ್ವೆಂಚರ್ ಗಾಡಿ ಹತ್ತಿಸಿದ. ಸ್ಟ್ಯಾಂಡ್ ತೆಗೆದ ಮೇಲೆ ಗೊತ್ತಾಯಿತು, ನೆಲ ಇನ್ನೂ ಸ್ವಲ್ಪ ಕೆಳಗಿದೆ ಅಂತ. ಎರಡು ಹೆಬ್ಬೆರಳು ಬಿಟ್ಟರೆ ಬೇರೇನೂ ತಾಗುತ್ತಿರಲಿಲ್ಲ. ಹುಡುಗ ಹಿಂದಿನಿಂದ ಸೀಟು ಹಿಡಿದುಕೊಂಡು, ಸೈಕಲ್ ಕಲಿಯುವ ಮಕ್ಕಳಿಗೆ ಹೇಳುವ ಹಾಗೆ, "ಏನಾಗಲ್ಲ ಸರ್, ಏನಾಗಲ್ಲ" ಎನ್ನುತ್ತಿದ್ದ. ಮಗಳು ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದಳು. ಎರಡೇ ನಿಮಿಷದಲ್ಲಿ ಭಾವನ ಉತ್ತರ ಬಂತು: "ಸ್ಟೂಲು ಫ್ರೀನಾ?"

ನನಗೀಗ 46. ಎತ್ತರ ಐದಡಿ ಮೂರಿಂಚು, ಶೂ ಸೇರಿಸಿ. ಇಷ್ಟು ವರ್ಷ ಸ್ಕೂಟರಿನಲ್ಲಿ ಆಫೀಸಿಗೆ ಹೋಗಿ ಬಂದವನಿಗೆ ಈ ನವೆಂಬರಿನಲ್ಲಿ ಒಂದು ದೊಡ್ಡ ಸುತ್ತು ಹೊಡೆಯಬೇಕು ಅನ್ನಿಸಿದೆ. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು. ಅಲ್ಲಿಂದ ಸಮುದ್ರ ಹಿಡಿದು ಮರವಂತೆ ದಾಟಿ ಕಾರವಾರ. ವಾಪಸ್ ಬರುವಾಗ ಅಂಕೋಲಾದಿಂದ ಯಲ್ಲಾಪುರ, ಹುಬ್ಬಳ್ಳಿ. ಹೆಚ್ಚು ಕಡಿಮೆ 1,200 ಕಿ.ಮೀ.

ಈ ವಿಷಯ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಆಫೀಸಿನಲ್ಲಿ ಒಬ್ಬೊಬ್ಬರೂ "ಎಷ್ಟು ಸಿಸಿ?" ಎಂದು ಕೇಳುತ್ತಾರೆ. 350 ಅಂದರೆ ಮುಖ ಹೇಗಾಗುತ್ತದೆ ಅಂದರೆ, ಮದುವೆ ಮನೆಯಲ್ಲಿ ಹೋಳಿಗೆ ಖಾಲಿ ಅಂದ ಹಾಗೆ. ಇವರಲ್ಲಿ ಅರ್ಧ ಜನ ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಹೋಗುವಾಗಲೂ ಲಡಾಖಿನ ವೇಷ ಹಾಕುತ್ತಾರೆ. ಹೋಗುವುದಾದರೂ ಹೇಗೆ? 2023ರ ಆಗಸ್ಟಿನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶವಿಲ್ಲ, ಟ್ರ್ಯಾಕ್ಟರಿಗೂ ಇಲ್ಲ. ಹಾಗಾಗಿ ಸರ್ವಿಸ್ ರೋಡಿನಲ್ಲಿ 650 ಸಿಸಿ ಗಾಡಿ ಹುಲ್ಲು ತುಂಬಿದ ಟ್ರ್ಯಾಕ್ಟರಿನ ಹಿಂದೆ ಗುರ್ ಗುರ್ ಅನ್ನುತ್ತಾ ಹೋಗುತ್ತಿರುತ್ತದೆ. ನೋಡಲು ನನಗೆ ಬಹಳ ಸಂತೋಷ.

ಕಾಲು ಎಟುಕುತ್ತದಾ ಎಂದು ಒಬ್ಬರೂ ಕೇಳುವುದಿಲ್ಲ. ನಾನು ನೋಡುವುದು ಮಾತ್ರ ಅದೊಂದನ್ನೇ. ಬ್ರೋಷರಿನಲ್ಲಿ ಟಾರ್ಕು ಗೀರ್ಕು ಬಿಟ್ಟು ಸೀದಾ ಸೀಟಿನ ಎತ್ತರಕ್ಕೆ ಹೋಗುತ್ತೇನೆ. ರಾಯಲ್ ಎನ್‌ಫೀಲ್ಡಿನ ಹೊಸ ಹಿಮಾಲಯನ್ 825 ಮಿ.ಮೀ., ಕ್ಲಾಸಿಕ್ 805, ಮೀಟಿಯೋರ್ 765. ಇವು ನನಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತವೆ.

ಇದು ನಮ್ಮ ವಂಶದ ತೊಂದರೆ. ಅಪ್ಪ ನನಗಿಂತ ಒಂದಿಂಚು ಕಮ್ಮಿ. ಅವರ ಹತ್ತಿರ ಯೆಜ್ಡಿ ಬೈಕ್ ಇತ್ತು. ಮೈಸೂರಿನವರ ಹತ್ತಿರ ಬೇರೆ ಏನಿರುತ್ತದೆ? ಅಲ್ಲಿನ ಯಾದವಗಿರಿಯ ಫ್ಯಾಕ್ಟರಿಯಲ್ಲಿ 1961ರಲ್ಲಿ ಶುರುವಾಗಿ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿತ್ತು. 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಯಲ್ಲಿ ಕಿಕ್ಕರ್ರೂ ಗೇರೂ ಒಂದೇ ಸರಳು. ಅದನ್ನು ಮೇಲಕ್ಕೆ ಮಡಚಿ ಒದೆಯಬೇಕು, ಸ್ಟಾರ್ಟ್ ಆದ ಮೇಲೆ ಕೆಳಗೆ ತಂದು ಗೇರು ಹಾಕಬೇಕು. ಖಾಲಿ ಗಾಡಿಯನ್ನು ಅಪ್ಪ ಹೇಗೋ ಸಂಭಾಳಿಸುತ್ತಿದ್ದರು. ಹಿಂದೆ ಅಮ್ಮ, ಮುಂದೆ ಟ್ಯಾಂಕಿನ ಮೇಲೆ ನಾನು, ಪಕ್ಕದಲ್ಲಿ ಎರಡು ಬ್ಯಾಗು ಅಂತಾದರೆ ತುದಿಗಾಲಿನ ಆಟ ನಡೆಯುತ್ತಿರಲಿಲ್ಲ. ಅದಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಎಡಗಾಲು ಊರಲು ಕಲ್ಲಿದ್ದಲ್ಲಿ ಮಾತ್ರ ಗಾಡಿ ನಿಲ್ಲಿಸುವುದು. ಮೈಲಿಗಲ್ಲು, ಮೋರಿ ಕಟ್ಟೆ, ಫುಟ್‌ಪಾತಿನ ಅಂಚು, ಏನಾದರೂ ಆದೀತು.

ನನಗೆ ಆರು ವರ್ಷವಿದ್ದಾಗ ಹೀಗೆ ಧರ್ಮಸ್ಥಳಕ್ಕೆ ಹೋದೆವು. ಹೊಳೆನರಸೀಪುರ ದಾಟಿದ ಮೇಲೆ ಅಮ್ಮನಿಗೆ ಬಾಯಾರಿಕೆ ಶುರುವಾಯಿತು.

"ರೀ, ಎಳನೀರು ಇದೆ, ನಿಲ್ಸಿ."

"ಕಲ್ಲಿಲ್ಲ ಕಣೇ ಅಲ್ಲಿ."

ಮುಂದೆ ಒಳ್ಳೆ ಮೋರಿ ಕಟ್ಟೆ ಬಂತು. ಅಪ್ಪ ಖುಷಿಯಿಂದ ನಿಲ್ಲಿಸಿ ಕಾಲೂರಿದರು. ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಸನದ ತನಕ ಅದೇ ಕಥೆ. ಹಾಸನದ ಪೆಟ್ರೋಲ್ ಬಂಕಿನ ಕಟ್ಟೆಗೆ ಅಪ್ಪ ಕಾಲು ಕೊಟ್ಟು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸುವಷ್ಟರಲ್ಲಿ ಅಮ್ಮ ಇಳಿದು ಎದುರಿನ ಹೋಟೆಲಿಗೆ ನಡೆದೇಬಿಟ್ಟಿದ್ದಳು. ಎರಡು ಲೋಟ ನೀರು, ಒಂದು ಕಾಫಿ, ಆಮೇಲೆ ಒಂದು ಮಸಾಲೆದೋಸೆಯನ್ನೂ ತಿಂದಳು. ಅಪ್ಪ ಗಾಡಿ ಬಿಟ್ಟು ಬರುವ ಹಾಗಿರಲಿಲ್ಲ. ನಾನು ಅಮ್ಮನ ಪಾರ್ಟಿ ಸೇರಿದ್ದೆ.

ಸಕಲೇಶಪುರದಲ್ಲಿ ಮಳೆ ಹಿಡಿಯಿತು. ಅಪ್ಪ ಬ್ಯಾಗಿನಿಂದ ಯೂರಿಯಾ ಚೀಲ ಮೂರು ತೆಗೆದು, ಒಂದು ಮೂಲೆ ಒಳಗೆ ಮಡಚಿ ಕೊಪ್ಪೆ ಮಾಡಿ ಮೂವರ ತಲೆಗೂ ಹಾಕಿದರು. ರೈಡಿಂಗ್ ಗೇರ್ ಅಂದರೆ ಅಷ್ಟೇ. ನಮ್ಮ ಆ ಪ್ರವಾಸದ ಫೋಟೊಗಳು ಈಗಲೂ ಇವೆ. ಒಂದರಲ್ಲೂ ಜಲಪಾತವಿಲ್ಲ, ದೇವಸ್ಥಾನವಿಲ್ಲ. ಎಲ್ಲದರಲ್ಲೂ ಯಾವುದೋ ಮೈಲಿಗಲ್ಲು, ಅದರ ಮೇಲೆ ಅಪ್ಪನ ಎಡಗಾಲು.

ನಾನೇನೂ ಯೂರಿಯಾ ಚೀಲ ಹಾಕಿಕೊಂಡು ಹೋಗುವುದಿಲ್ಲ. ಐಎಸ್‌ಐ ಮಾರ್ಕಿನ ಫುಲ್ ಫೇಸ್ ಹೆಲ್ಮೆಟ್ ತಗೊಂಡಿದ್ದೇನೆ. ಕೆನ್ನೆ ಒತ್ತುತ್ತದೆ, ಮಾತಾಡಿದರೆ ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡ ಹಾಗೆ ಕೇಳಿಸುತ್ತದೆ. ಹಾಗೆ ಬಿಗಿಯಾಗಿದ್ದರೇ ಸರಿಯಂತೆ. ಜಾಕೆಟ್ಟಿನ ಬೆಲೆ ಮನೆಯಲ್ಲಿ ಅರ್ಧ ಹೇಳಿದ್ದೇನೆ. ಅದನ್ನು ಹಾಕಿಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಇಡ್ಲಿಯ ಕಷ್ಟ ಏನೆಂದು ತಿಳಿಯುತ್ತದೆ. ಆದರೂ ಮೊಣಕೈ, ಭುಜದ ಪ್ಯಾಡು ಬೇಕೇ ಬೇಕು. ಅದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ.

ಮನಸ್ಸಿಗೆ ಹಿಡಿಸಿದ್ದು ಬೂಟು. ಪಾದ ಮುಚ್ಚುತ್ತದೆ, ಕೀಲು ಉಳಿಸುತ್ತದೆ ಎಂದೆಲ್ಲ ಅಂಗಡಿಯವನು ಹೇಳುತ್ತಿದ್ದ. ನಾನು ಬೂಟು ತಿರುಗಿಸಿ ಅಟ್ಟೆ ನೋಡಿದೆ. ಹತ್ತಿರ ಹತ್ತಿರ ಒಂದೂವರೆ ಇಂಚು! ಗಾಡಿ ಗೊತ್ತಾಗುವ ಮೊದಲೇ ಬೂಟು ಕೊಂಡೆ. ಈಗ ಅದೇ ಬೂಟು ಹಾಕಿಕೊಂಡು ಷೋರೂಮುಗಳಿಗೆ ಹೋಗುತ್ತೇನೆ. 805ರಲ್ಲಿ ಪಾದದ ಮುಂಭಾಗವೆಲ್ಲ ನೆಲಕ್ಕೆ ಕೂರುತ್ತದೆ. 765ರಲ್ಲಂತೂ ಹಿಮ್ಮಡಿಯೂ. "ಅದು ಅಂಕಲ್‌ಗಳ ಗಾಡಿ ಪಪ್ಪಾ" ಅಂದಳು ಮಗಳು. ನಾನು ಯಾರು ಅಂದುಕೊಂಡಿದ್ದಾಳೋ.

ಮೊನ್ನೆ ಮೈಸೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. 765 ಅಂದರೆ ಎಷ್ಟಿಂಚು ಎಂದು ಕೇಳಿದರು. ಮೂವತ್ತು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಅಲ್ಲೇ ಕೂತು ಟೇಪು ಹಿಡಿದು ಅಳೆದುಕೊಳ್ಳುತ್ತಿದ್ದರೋ ಏನೋ. ಗಾಡಿ ಚೆನ್ನಾಗಿದೆ ಅನ್ನಲಿಲ್ಲ, ಹುಷಾರಾಗಿ ಹೋಗು ಅಂತಲೂ ಅನ್ನಲಿಲ್ಲ.

"ಸಕಲೇಶಪುರದ ರಸ್ತೆ ಅಗಲ ಮಾಡೋಕೆ ಮೋರಿ ಕಟ್ಟೆ ಎಲ್ಲಾ ಕಿತ್ತು ಹಾಕಿದಾರಂತಲ್ಲೋ," ಅಂದರು. "ಎಲ್ಲಿ ನಿಲ್ಸ್ತೀಯ?"