ನಿಂಗಪ್ಪನ ಮನೆಯಿಂದ ಮಲ್ಲಪ್ಪನ ಮನೆವರೆಗೆ

ಗುತ್ತಿಗೆದಾರರು ಇಷ್ಟೊಂದು ಸಂಕೋಚದ ಪ್ರಾಣಿಗಳು ಅಂತ ನಮಗೆ ಗೊತ್ತೇ ಇರಲಿಲ್ಲ. 2025ರ ನವೆಂಬರಿನಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯಲ್ಲಿ ಉಳಿದಿರುವುದು ಒಂದೇ ಮಾತು: ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ. ಗುತ್ತಿಗೆದಾರರ ಹೆಸರು ಕೇಳಿದರೂ ಈಗ ಇದೇ ಉತ್ತರ. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಜನರಿಗೂ ನಿರಾಕರಿಸುವಂತಿಲ್ಲ ಎಂಬ ಸಾಲೊಂದು ಅಲ್ಲಿತ್ತು. ಡೇಟಾ ಸಂರಕ್ಷಣೆಯ ಹೆಸರಿನಲ್ಲಿ ಅದನ್ನು ಅಳಿಸಿಬಿಟ್ಟರು. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾದರೆ ಕೊಡಬಹುದು ಎಂಬ 8(2) ಇನ್ನೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹಿತಾಸಕ್ತಿಯನ್ನು ಮೊದಲು ತೂಗುವವರು ಆಯಾ ಕಚೇರಿಯ ಮಾಹಿತಿ ಅಧಿಕಾರಿಗಳೇ. ಅವರ ಟೇಬಲ್ಲಿನ ಮೇಲೆ ತಕ್ಕಡಿ ಕಂಡವರಿದ್ದರೆ ದಯವಿಟ್ಟು ತಿಳಿಸಿ.

ಕಾಮಗಾರಿಗಳ ಹೆಸರು ಹೇಗಿರುತ್ತದೆ ನೋಡಿದ್ದೀರಲ್ಲ? ‘ವಾರ್ಡ್ ನಂ. 7ರ ನಿಂಗಪ್ಪ ಬಿನ್ ಕರಿಯಪ್ಪ ರವರ ಮನೆಯಿಂದ ಮಲ್ಲಪ್ಪ ರವರ ಮನೆವರೆಗೆ ಸಿ.ಸಿ. ರಸ್ತೆ ಹಾಗೂ ಚರಂಡಿ ನಿರ್ಮಾಣ ಕಾಮಗಾರಿ’. ನಿಂಗಪ್ಪನ ಹೆಸರು, ಅವರಪ್ಪನ ಹೆಸರು, ಮನೆ ಎಲ್ಲಿದೆ, ಮುಂದೆ ಚರಂಡಿ ಇದೆಯೋ ಇಲ್ಲವೋ, ಎಲ್ಲವೂ ಟೆಂಡರ್ ಪ್ರಕಟಣೆಯಲ್ಲಿ ಜಗಜ್ಜಾಹೀರು. ನಿಂಗಪ್ಪನನ್ನು ಯಾರೂ ಒಂದು ಮಾತು ಕೇಳಿಲ್ಲ. ಆ ಚರಂಡಿ ಕಟ್ಟಿದ್ದು ಯಾರು, ಬಿಲ್ ಎಷ್ಟಾಯಿತು ಎಂದು ಕೇಳಿದಿರೋ, ಅಲ್ಲಿಂದ ಖಾಸಗಿ ಬದುಕು ಶುರು. ಇನ್ನೊಂದು ತಮಾಷೆಯೆಂದರೆ, ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಇಂಥ ಕಾಮಗಾರಿಯ ಪೂರ್ಣ ಹೆಸರು ಬರೆದು, ಯಾವ ಅನುದಾನ ಎಂದು ಸೇರಿಸಿ, ಕಚೇರಿಯ ವಿಳಾಸ ಹಾಕುವಷ್ಟರಲ್ಲಿ ಪ್ರಶ್ನೆಗೆ ಜಾಗವೇ ಇರುವುದಿಲ್ಲ.

ನಮ್ಮ ಕಡೆಯ ಹುಡುಗನೊಬ್ಬ ಕಸದ ಬುಟ್ಟಿ, ತಳ್ಳುಗಾಡಿ ಮಾರುತ್ತಾನೆ. ಕ್ರಾಂತಿಗಿಂತಿ ಅವನಿಗೆ ಗೊತ್ತಿಲ್ಲ. ಕಳೆದ ಸಲ ಕಚೇರಿಗೆ ಬುಟ್ಟಿ ಕೊಟ್ಟವರು ಯಾರು, ದರ ಎಷ್ಟು, ಗುತ್ತಿಗೆ ಮುಗಿಯುವುದು ಯಾವಾಗ, ಇಷ್ಟು ತಿಳಿದರೆ ಮುಂದಿನ ಟೆಂಡರಿಗೆ ತಾನೂ ಒಂದು ದರ ಹಾಕಬಹುದು ಅಂತ ಲೆಕ್ಕ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ನಮೂನೆ ‘ಎ’ ತುಂಬಿಕೊಂಡು ಹೋಗಿ ಗುಮಾಸ್ತರ ಮುಂದೆ ನಿಂತ.

‘ಯಾವ ಸಂಘಟನೆಯವ್ರಪ್ಪ ನೀವು?’

‘ಯಾವ್ದೂ ಇಲ್ಲ ಸಾರ್. ವ್ಯಾಪಾರ.’

‘ವ್ಯಾಪಾರ ಮಾಡೋರಿಗೆ ಇದೆಲ್ಲ ಯಾಕ್ರೀ?’

ಕಾರಣ ಕೇಳುವ ಹಾಗೇ ಇಲ್ಲ ಎನ್ನುತ್ತದೆ 6(2). ಆದರೂ ಗುಮಾಸ್ತರ ಕಷ್ಟ ನನಗೆ ಅರ್ಥವಾಗುತ್ತದೆ. ಅರ್ಜಿ ಹಾಕುವವರಲ್ಲಿ ಎರಡು ಜಾತಿ ಅವರಿಗೆ ಗೊತ್ತು: ಹೋರಾಟಗಾರ ಮತ್ತು ವಸೂಲಿಗಾರ. ಇಬ್ಬರನ್ನೂ ಸಂಭಾಳಿಸುವ ವಿದ್ಯೆ ಕರಗತವಾಗಿದೆ. ಕಡಿಮೆ ದರಕ್ಕೆ ಬುಟ್ಟಿ ಕೊಡುತ್ತೇನೆಂದು ಬರುವವನನ್ನು ಯಾವ ಫೈಲಿಗೆ ಸೇರಿಸುವುದು?

ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಗಡುವು 30 ದಿನ. ಅವನಿಗೆ ಅದೇ ಸಂಜೆ ಫೋನ್ ಬಂತು. ಕಚೇರಿಯಿಂದಲ್ಲ, ಹಾಲಿ ಗುತ್ತಿಗೆದಾರರಿಂದ. ‘ಏನ್ ತಮ್ಮಾ, ಅರ್ಜಿ ಹಾಕಿದೀಯಂತೆ? ನನ್ನೇ ಕೇಳಿದ್ರೆ ಹೇಳ್ತಿರ್ಲಿಲ್ವ?’ ನಮ್ಮ ಕಚೇರಿಗಳು ಮಾಹಿತಿ ಕೊಡುವುದಿಲ್ಲ ಎಂದು ಬಯ್ಯುವವರು ಈ ವೇಗವನ್ನು ಗಮನಿಸಬೇಕು. ಶುಲ್ಕವಿಲ್ಲ, ಅರ್ಜಿಯಿಲ್ಲ, ಪದಮಿತಿಯಿಲ್ಲ. ಅರ್ಜಿದಾರನ ಹೆಸರು ಮತ್ತು ಮೊಬೈಲ್ ನಂಬರು ಮಾತ್ರ ಯಾವ ಕಲಮಿನಲ್ಲೂ ವೈಯಕ್ತಿಕವಲ್ಲ.

ಇದನ್ನು ತಮಾಷೆಯಾಗಿ ಬರೆಯಲು ನನಗೂ ಬೇಸರವೇ. 2012ರಲ್ಲಿ ಲೋಕಾಯುಕ್ತಕ್ಕೆ ದೂರು ಕೊಟ್ಟ ಮಾಹಿತಿ ಹಕ್ಕು ಕಾರ್ಯಕರ್ತ ಲಿಂಗರಾಜು ಅವರನ್ನು ಬೆಂಗಳೂರಿನಲ್ಲಿ ಮನೆಯ ಹತ್ತಿರವೇ ಕೊಚ್ಚಿ ಕೊಂದರು. ಹಾಗಿರುವಾಗ, ಅರ್ಜಿ ಹಾಕಿದ ಸಂಜೆ ಬರುವ ಫೋನನ್ನು ಯಾರೂ ಹರಟೆ ಅಂದುಕೊಳ್ಳುವುದಿಲ್ಲ. ಹುಡುಗನ ತಾಯಿಯಂತೂ ಅಂದುಕೊಳ್ಳಲಿಲ್ಲ.

ಒಂದು ತಿಂಗಳಾದ ಮೇಲೆ ಹಿಂಬರಹ ಬಂತು: ಕೋರಿದ ದರ ವಾಣಿಜ್ಯ ಗೌಪ್ಯತೆ, 8(1)(ಡಿ), ಹೆಸರು ವೈಯಕ್ತಿಕ, 8(1)(ಜೆ). ಟೆಂಡರ್ ತೆರೆದು, ಹಣ ಪಾವತಿಯಾಗಿ, ಬುಟ್ಟಿಗಳ ತಳವೂ ಕಿತ್ತುಹೋದ ಮೇಲೆ ಯಾವ ಗೌಪ್ಯತೆಯೋ. ಮೇಲ್ಮನವಿ ಹಾಕಬಹುದು. ಮೊದಲನೆಯದು ಅದೇ ಇಲಾಖೆಯ ಮೇಲಧಿಕಾರಿಗೆ, ಎರಡನೆಯದು ವಿಧಾನಸೌಧದ ಎದುರಿನ ಮಾಹಿತಿ ಸೌಧದಲ್ಲಿರುವ ಮಾಹಿತಿ ಆಯೋಗಕ್ಕೆ. ಅಲ್ಲಿ ವಿಚಾರಣೆಯ ದಿನ ಬರುವಷ್ಟರಲ್ಲಿ ಗುತ್ತಿಗೆ ಮುಗಿದಿರುತ್ತದೆ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ, ಗರಿಷ್ಠ 25,000. ಲಕ್ಷಗಟ್ಟಲೆಯ ಗುತ್ತಿಗೆಯಲ್ಲಿ ಇದನ್ನು ಸಾದಿಲ್ವಾರು, ಅಂದರೆ ಚಿಲ್ಲರೆ, ವೆಚ್ಚಕ್ಕೆ ಬರೆದುಕೊಳ್ಳಬಹುದು.

ಹಾಗೆ ನೋಡಿದರೆ ನಮ್ಮ ರಾಜ್ಯ ಹಿಂದೆ ಬಿದ್ದದ್ದೇ ಇಲ್ಲ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದು 1999ರಲ್ಲೇ ಕಾಯ್ದೆ ಮಾಡಿದೆವು. ಮಾಹಿತಿ ಹಕ್ಕಿಗೆ 2000ದಲ್ಲೇ, ದೆಹಲಿಗಿಂತ ಐದು ವರ್ಷ ಮೊದಲೇ. ಪಾರದರ್ಶಕತೆ ಅತಿಯಾದಾಗ ತಡೆದುಕೊಳ್ಳಲು, ಟೆಂಡರಿಲ್ಲದೆಯೇ ಕೆಲಸ ಕೊಡುವ 4(ಜಿ) ಎಂಬ ವಿನಾಯಿತಿಯನ್ನೂ ಆ 1999ರ ಕಾಯ್ದೆಯಲ್ಲೇ ಇಟ್ಟುಕೊಂಡಿದ್ದೇವೆ. ಮೊಬೈಲುಗಳು 5ಜಿಗೆ ಹೋದರೂ ವಿಧಾನಸೌಧಕ್ಕೆ 4ಜಿಯ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ.

ಆಮೇಲೆ ಬುಟ್ಟಿಯ ಟೆಂಡರ್ ಬಂತು. ಅಲ್ಪಾವಧಿ ಟೆಂಡರ್. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಸಂಜೆ ಪೋರ್ಟಲ್ಲಿಗೆ ಏರಿತು. ಅವಧಿ ಕಡಿತಕ್ಕೆ ಲಿಖಿತ ಕಾರಣ ಬೇಕಲ್ಲ, ‘ತುರ್ತು’ ಎಂದು ಬರೆದಿದ್ದರು. ಬುಟ್ಟಿಯ ಬಾಯಿಯ ಅಳತೆ ಮಿಲಿಮೀಟರಿನಲ್ಲಿತ್ತು, ಹಿಡಿಕೆಯ ಬಣ್ಣ ಸಹಿತ. ಅಂಥ ಬುಟ್ಟಿ ಯಾರ ಗೋದಾಮಿನಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಹುಡುಗ ಟೆಂಡರ್ ಹಾಕಲಿಲ್ಲ. ಕಡತದಲ್ಲಿ ಈಗ ಟಿಪ್ಪಣಿಯೊಂದಿದೆ: ‘ಸಾಕಷ್ಟು ಪ್ರಚಾರ ನೀಡಿದಾಗ್ಯೂ ಬೇರೆ ಯಾರೂ ಆಸಕ್ತಿ ತೋರದ ಕಾರಣ ಹಾಲಿ ಗುತ್ತಿಗೆದಾರರನ್ನೇ ಮುಂದುವರಿಸಬಹುದಾಗಿದೆ’.