ಗೇರಾರ್ಸ ಹಾಡುವ ಹಕ್ಕು ಯಾರದು?

ಎಥಿಯೋಪಿಯಾದ ಒರೊಮೊ ಜನರ ಯುದ್ಧಗೀತೆ ಗೇರಾರ್ಸ ಅಂದ ಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಹಚಾಲು ಹುಂಡೆಸ್ಸಾ, 2020ರ ಜೂನ್ 29ರಂದು ಅಡಿಸ್ ಅಬಾಬಾದಲ್ಲಿ ಗುಂಡಿಗೆ ಬಲಿಯಾದ ಗಾಯಕ. ಅವನ ಕಣ್ಣಿನಿಂದಲೇ ಹಿಂದಕ್ಕೆ ನೋಡಿ, ಹಳೆಯ ಗೇರಾರ್ಸಗಳೆಲ್ಲ ಎಥಿಯೋಪಿಯಾ ಸಾಮ್ರಾಜ್ಯದ ವಿರುದ್ಧ ಎದ್ದ ದನಿಗಳು ಎಂದು ಬರೆಯುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಹಾಡುಗಳ ರಾಜಕೀಯವನ್ನು ಹುಡುಕಬೇಕಾದದ್ದು ಶತ್ರುವಿನ ಹೆಸರಿನಲ್ಲಲ್ಲ, ಸಭೆಯಲ್ಲಿ ಎದ್ದು ನಿಂತು ಹಾಡಲು ಯಾರಿಗೆ ಹಕ್ಕಿತ್ತು ಎಂಬುದರಲ್ಲಿ.

ಒರೊಮೊ ಜನರ ಗಡಾ ಎಂಬ ಆಡಳಿತ ವ್ಯವಸ್ಥೆಯಲ್ಲಿ 8 ವರ್ಷಕ್ಕೊಮ್ಮೆ ಅಧಿಕಾರ ಕೈ ಬದಲಾಗುತ್ತದೆ. ಸರದಿಯಲ್ಲಿ ಇರುವುದು ಐದು ಗುಂಪು, ಹಾಗಾಗಿ ಒಂದೇ ಗುಂಪಿನ ಸರದಿ ಮತ್ತೆ ಬರುವಷ್ಟರಲ್ಲಿ 40 ವರ್ಷ. ಸಭೆ ನಡೆಸುವವನು ಅಬ್ಬಾ ಗಡಾ, ದಂಡು ನಡೆಸುವವನು ಅಬ್ಬಾ ದೂಲಾ. ಹೊಸ ಗುಂಪು ತನ್ನ ಅವಧಿಯಲ್ಲಿ ದಂಡೆತ್ತಿ ಹೋಗಬೇಕಿತ್ತು, ಅದೂ ಹಿಂದಿನವರು ಮುಟ್ಟದ ನೆಲಕ್ಕೆ. ಒರೊಮೊ ದಾಳಿಯಲ್ಲಿ ಆಸ್ತಿಪಾಸ್ತಿ ಕಳೆದುಕೊಂಡ ಪಾದ್ರಿ ಬಾಹ್ರೆ 1593ರ ಸುಮಾರಿಗೆ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಮನುಷ್ಯನನ್ನೋ ದೊಡ್ಡ ಮೃಗವನ್ನೋ ಕೊಲ್ಲದವನು ತಲೆ ಬೋಳಿಸುವಂತಿಲ್ಲ, ಹೇನು ಕಚ್ಚುವ ತಲೆಯಲ್ಲೇ ತಿರುಗಬೇಕು ಎನ್ನುತ್ತಾನೆ. ಬರೆದವನು ಶತ್ರು, ನಿಜ. ಆದರೂ ಇಷ್ಟು ಗಮನವಿಟ್ಟು ನೋಡಿದ ಶತ್ರು ಸಿಗುವುದು ಅಪರೂಪ.

ಗೇರಾರ್ಸ ಹುಟ್ಟುವುದು ಇಂಥ ಕಡೆ. ಆನೆ, ಸಿಂಹ, ಕಾಡೆಮ್ಮೆ ಅಥವಾ ಶತ್ರುವನ್ನು ಕೊಂದವನು ಎದ್ದು, ಈಟಿಯನ್ನೋ ಕೋಲನ್ನೋ ಹಿಡಿದು ಹಾಡುತ್ತಾನೆ, ಸಭೆ ದನಿಗೂಡಿಸುತ್ತದೆ. ಸಾಲುಗಳು ಚಿಕ್ಕವು, ಜೋಡಿಜೋಡಿಯಾಗಿ ಬರುತ್ತವೆ. ಮೊದಲ ಸಾಲು ಎಷ್ಟೋ ಸಲ ಹುಲ್ಲು, ಹಕ್ಕಿ, ಹೊಳೆಯ ಮಾತಾಡುತ್ತದೆ, ಅದರ ಕೆಲಸ ನಾದ ಕಟ್ಟಿಕೊಡುವುದು. ಹೇಳಬೇಕಾದ ಮಾತು ಎರಡನೆಯದರಲ್ಲಿ. ಇದನ್ನರಿಯದ ಅನುವಾದಕ ಹಕ್ಕಿಯಲ್ಲಿ ರೂಪಕ ಹುಡುಕುತ್ತಾ ಕೂರುತ್ತಾನೆ. ಆಮೇಲೆ ವಂಶ, ಊರು, ಜತೆಗಾರರು, ಕುದುರೆ. ವೀರನನ್ನು ಅವನ ಕುದುರೆಯ ಹೆಸರಿನಿಂದಲೇ ‘ಇಂಥದರ ಅಬ್ಬಾ’, ಅಂದರೆ ತಂದೆ, ಎಂದು ಕರೆಯುವ ರೂಢಿ ಎಷ್ಟು ಬಲವಾಗಿತ್ತೆಂದರೆ ಎಥಿಯೋಪಿಯಾದ ಮೆನಲಿಕ್ ಚಕ್ರವರ್ತಿಗೂ ಅಬ್ಬಾ ದಾಞೆವ್ ಎಂಬ ಹೆಸರಿತ್ತು. ಹಾಡಿನಲ್ಲಿ ಇಷ್ಟೊಂದು ಹೆಸರುಗಳು ಸುಮ್ಮನೆ ಬರುವುದಿಲ್ಲ. ಹೆಸರು ಹೇಳಿದ ಮೇಲೆ ಸುಳ್ಳು ಹೇಳುವುದು ಕಷ್ಟ, ಕಂಡವರು ಎದುರಿಗೇ ಕೂತಿರುತ್ತಾರೆ. ಕೊಲ್ಲದವನನ್ನು ಹೆಂಗಸರು ಹಾಡುಕಟ್ಟಿ ಹಂಗಿಸುತ್ತಿದ್ದರು. ಇದರ ಕ್ರೌರ್ಯವನ್ನು ಮುಚ್ಚಿಟ್ಟು ಬರೀ ಪ್ರಜಾಪ್ರಭುತ್ವದ ಹಾಡು ಅಂತ ಹೊಗಳುವುದು ಅಪ್ರಾಮಾಣಿಕತೆ.

ಇನ್ನು ಸಾಮ್ರಾಜ್ಯದ ಮಾತು. 1882ರಲ್ಲಿ ಎಂಬಾಬೊ ಯುದ್ಧದಲ್ಲಿ ಗೊಜ್ಜಾಮಿನ ದೊರೆಯನ್ನು ಸೋಲಿಸಿ ಮೆನಲಿಕ್‌ಗೆ ನೀಲಿ ನೈಲ್ ನದಿಯ ದಕ್ಷಿಣದ ಒರೊಮೊ ನಾಡುಗಳ ದಾರಿ ತೆರೆದುಕೊಟ್ಟ ದಂಡನಾಯಕ ಗೊಬನಾ ದಾಚ್ಚೆ ಸ್ವತಃ ಒರೊಮೊ, ಅವನ ಕುದುರೆಪಡೆಯೂ ಒರೊಮೊ. ಇಟಲಿಯ ಎನ್ರಿಕೊ ಚೆರುಲ್ಲಿ 1922ರಲ್ಲಿ ಅಚ್ಚು ಹಾಕಿಸಿದ ಸಂಗ್ರಹದಲ್ಲಿ ಗೊಬನಾನ ದಂಡಯಾತ್ರೆಯ ಹಾಡುಗಳಿವೆ, ಒರೊಮೊ ನಾಡುನಾಡುಗಳೇ ಬಡಿದಾಡಿಕೊಂಡ ಹಾಡುಗಳೂ ಇವೆ. ಇವುಗಳನ್ನು ‘ನಾವು ಮತ್ತು ಅವರು’ ಎಂಬ ಇವತ್ತಿನ ಗೆರೆಯ ಮೇಲೆ ಇಟ್ಟರೆ ಅರ್ಧ ಹಾಡುಗಳು ಗೆರೆಯ ತಪ್ಪು ಬದಿಗೆ ಬೀಳುತ್ತವೆ.

ಒರೊಮೊ ನಾಡಾದ ಅರ್ಸಿ ಸೀಮೆ 1886ರಲ್ಲಿ, ಚೆಲೆಂಕೊ ಯುದ್ಧದಲ್ಲಿ ಹರಾರ್ 1887ರಲ್ಲಿ ಮೆನಲಿಕ್‌ಗೆ ಸೋತವು. ದಕ್ಷಿಣದಲ್ಲಿ ಸಿಪಾಯಿಗಳಿಗೆ ಸಂಬಳದ ಬದಲು ರೈತರನ್ನೇ ಹಂಚಿದರು. ನನಗೆ ಮುಖ್ಯವೆನಿಸುವ ತಿರುವು ಇಲ್ಲಿದೆ. ದಂಡೆತ್ತಿ ಹೋಗುವುದು ನಿಂತ ಮೇಲೆ ಹಾಡುವ ಹಕ್ಕನ್ನು ಗಳಿಸುವುದು ಹೇಗೆ? ನಿಧಾನಕ್ಕೆ ಭೂಮಿ ಕಳೆದುಕೊಂಡವನು, ಜೈಲು ಕಂಡವನು, ಊರು ಬಿಟ್ಟವನು ಆ ಜಾಗಕ್ಕೆ ಬಂದರು. ‘ನಾನು ಕೊಂದೆ’ ಇದ್ದ ಕಡೆ ‘ನನಗೆ ಹೀಗಾಯಿತು’ ಬಂತು. ವಂಶ, ಊರು, ಕುದುರೆ ಅಲ್ಲೇ ಉಳಿದವು. ಮುಂದೆ ಬಂದ ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಶಾಲೆಗೂ ಅಚ್ಚಿಗೂ ಒರೊಮೊ ಭಾಷೆಗೆ ಪ್ರವೇಶವಿರಲಿಲ್ಲ, ಬಾಯಿಂದ ಬಾಯಿಗೆ ಹೋಗುವ ಹಾಡನ್ನು ಮಾತ್ರ ಮುಟ್ಟುಗೋಲು ಹಾಕುವುದು ಕಷ್ಟವಾಯಿತು.

ಹಚಾಲು ನಿಲ್ಲುವುದು ‘ನನಗೆ ಹೀಗಾಯಿತು’ ಎಂದು ಹಾಡಿದ ಇವರ ಸಾಲಿನಲ್ಲಿ. ಹದಿನೇಳರ ವಯಸ್ಸಿಗೆ, 2003ರಲ್ಲಿ, ಜೈಲು ಸೇರಿ 2008ರಲ್ಲಿ ಹೊರಬಂದವನು. 2017ರ ಡಿಸೆಂಬರಿನಲ್ಲಿ, ನೆಲೆ ಕಳೆದುಕೊಂಡವರ ಸಹಾಯಾರ್ಥ ಅಡಿಸ್ ಅಬಾಬಾದಲ್ಲಿ ನಡೆದ ಕಾರ್ಯಕ್ರಮದಲ್ಲಿ ಅವನು ಹಾಡಿದ್ದನ್ನು ಗಮನಿಸಿ: ಬೈಗುಳವೆಲ್ಲ ಹೊರಗಿನ ಶತ್ರುವಿಗೇ ಅಲ್ಲ, ‘ಇನ್ನೂ ಏನು ಕಾಯುತ್ತಿದ್ದೀರಿ’ ಎಂಬ ಚುಚ್ಚುಮಾತು ಎದುರಿಗಿದ್ದ ಸ್ವಂತ ಜನಕ್ಕೆ. ಹೇಡಿಯನ್ನು ಸಭೆಯಲ್ಲೇ ಹಂಗಿಸುತ್ತಿದ್ದ ಹಳೆಯ ಪದ್ಧತಿಯೇ ಅದು.

ಯೂಟ್ಯೂಬಿನಲ್ಲಿ ಗೇರಾರ್ಸ ಹುಡುಕುವವರಿಗೊಂದು ಮಾತು. ಕೀಬೋರ್ಡಿನ ತಾಳಕ್ಕೆ ಕಟ್ಟಿದವುಗಳಲ್ಲಿ ಸಾಲಿನ ನಡುವಿನ ತಡೆ ಹೋಗಿರುತ್ತದೆ, ಸಭೆಯ ದನಿಯ ಬದಲು ಕೋರಸ್ ಇರುತ್ತದೆ. ಒಬ್ಬನೇ ಹಾಡುವ, ಸುತ್ತ ಕೂತವರ ದನಿ ಕೇಳಿಸುವ ಹಳ್ಳಿಯ ಧ್ವನಿಮುದ್ರಣ ಸಿಕ್ಕರೆ ಅದರಿಂದ ಶುರುಮಾಡಿ. ಭಾಷೆ ಬರದಿದ್ದರೂ ಜನ ಯಾವ ಹೆಸರಿಗೆ ದನಿ ಏರಿಸುತ್ತಾರೆ, ಯಾವ ಸಾಲಿಗೆ ಸುಮ್ಮನಾಗುತ್ತಾರೆ ಎಂಬುದು ಕೇಳಿಸುತ್ತದೆ.